ರುಫೀನಿ: ಭಾಗಾಕಾರ ಕಲಿಸಿದ ವೈದ್ಯರು

ಸಂಶ್ಲೇಷಿತ ಭಾಗಾಕಾರದ ಪಾಠಗಳನ್ನು ವೀಕ್ಷಿಸುವಾಗ ನನಗೆ ಹೆಚ್ಚಾಗಿ ಕೇಳಿಸುವುದು ಮೂರೇ ಮಾತು: ಇಳಿಸು, ಗುಣಿಸು, ಕೂಡು. ಮಕ್ಕಳು ಬೇಗ ಕಲಿಯುತ್ತಾರೆ. ಹೀಗೇಕೆ ಎಂದು ಕೇಳುವವರು ಕಡಿಮೆ. ಪಾಠಯೋಜನೆಯ ಪೀಠಿಕೆಗೆ ಒದಗೀತೆಂದು ಪಾವ್ಲೋ ರುಫೀನಿಯವರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ರುಫೀನಿ 1765ರಲ್ಲಿ ಇಟಲಿಯ ವಾಲೆಂತಾನೊದಲ್ಲಿ ಜನಿಸಿದರು. ತಂದೆ ವೈದ್ಯರು. ಮಗ ಮೊದೆನಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನೂ ಗಣಿತವನ್ನೂ ಓದಿ, ಅಲ್ಲಿಯೇ ಗಣಿತದ ಅಧ್ಯಾಪಕರಾದರು. ನೆಪೋಲಿಯನ್ ಸೇನೆ ಬಂದ ಮೇಲೆ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಧಾರ್ಮಿಕ ನಂಬಿಕೆಯ ಕಾರಣದಿಂದ ಅವರು ಒಪ್ಪಲಿಲ್ಲ. 1798ರಲ್ಲಿ ಹುದ್ದೆ ಹೋಯಿತು. ರೋಗಿಗಳನ್ನು ನೋಡುತ್ತ, ಉಳಿದ ಹೊತ್ತಿನಲ್ಲಿ ಸಮೀಕರಣಗಳನ್ನು ಬಿಡಿಸುತ್ತ ದಿನ ಕಳೆದರು.

ಮರುವರ್ಷವೇ ಅವರ ದೊಡ್ಡ ಗ್ರಂಥ ಬಂತು. ನಾಲ್ಕನೆಯ ಘಾತದವರೆಗಿನ ಸಮೀಕರಣಗಳಿಗೆ ಸೂತ್ರಗಳಿವೆ. ಐದನೆಯ ಘಾತಕ್ಕೆ ಮೂಲಚಿಹ್ನೆಗಳಿಂದ ಕಟ್ಟಿದ ಸಾಮಾನ್ಯ ಸೂತ್ರ ಸಾಧ್ಯವಿಲ್ಲವೆಂಬುದು ಅದರ ವಾದ. ಪ್ರತಿಯನ್ನು ಲಗ್ರಾಂಜ್ ಅವರಿಗೆ ಕಳುಹಿಸಿದರು, ಉತ್ತರ ಬರಲಿಲ್ಲ. ಇನ್ನೊಮ್ಮೆ ಕಳುಹಿಸಿದರು, ಆಗಲೂ ಇಲ್ಲ.

ಸೂತ್ರವಿಲ್ಲದಿದ್ದರೂ ಮೂಲದ ಬೆಲೆ ಬೇಕಲ್ಲ? 1804ರಲ್ಲಿ ಅದನ್ನು ಹಂತಹಂತವಾಗಿ ಸಮೀಪಿಸುವ ಕ್ರಮವನ್ನು ಬರೆದು ಇಟಲಿಯ ವಿಜ್ಞಾನ ಸಂಘದ ಚಿನ್ನದ ಪದಕ ಪಡೆದರು. ನಮ್ಮ ಕಪ್ಪುಹಲಗೆಯ ಭಾಗಾಕಾರ ಅದರ ಒಂದು ತುಣುಕು. (ಹದಿನೈದು ವರ್ಷಗಳ ನಂತರ ಇಂಗ್ಲೆಂಡಿನ ಹಾರ್ನರ್ ಇಂಥದ್ದೇ ಕ್ರಮ ಪ್ರಕಟಿಸಿದರು, ಚೀನೀಯರಿಗೆ ಅದು ಶತಮಾನಗಳ ಹಿಂದೆಯೇ ಗೊತ್ತಿತ್ತು.)

1, −4, 1, 6 ಸಹಗುಣಕಗಳಾಗಿರುವ ಘನ ಬಹುಪದೋಕ್ತಿಯನ್ನು ಎಕ್ಸ್ − 2ರಿಂದ ಭಾಗಿಸೋಣ. 1 ಇಳಿಸಿ. ಅದರ ಎರಡರಷ್ಟು 2. −4ಕ್ಕೆ ಕೂಡಿದರೆ −2. ಅದರ ಎರಡರಷ್ಟು −4. 1ಕ್ಕೆ ಕೂಡಿದರೆ −3. ಅದರ ಎರಡರಷ್ಟು −6. 6ಕ್ಕೆ ಕೂಡಿದರೆ 0. ಶೇಷ ಸೊನ್ನೆಯಾದ್ದರಿಂದ ಎಕ್ಸ್ − 2 ಅಪವರ್ತನ. ಭಾಗಲಬ್ಧದ ಸಹಗುಣಕಗಳು 1, −2, −3. ದೀರ್ಘ ಭಾಗಾಕಾರದಲ್ಲಿ −2ರಿಂದ ಗುಣಿಸಿ ಕಳೆಯುತ್ತೇವೆ, ಇಲ್ಲಿ 2ರಿಂದ ಗುಣಿಸಿ ಕೂಡುತ್ತೇವೆ. ಎರಡೂ ಒಂದೇ. ಇವೆರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯದ ಪಾಠ ನನ್ನ ಮಟ್ಟಿಗೆ ಅಪೂರ್ಣ. ಯಾವುದಾದರೂ ಘಾತದ ಪದ ಇಲ್ಲದಿದ್ದರೆ ಆ ಜಾಗದಲ್ಲಿ 0 ಬರೆಸುವುದನ್ನೂ ಮರೆಯಬೇಡಿ.

1814ರಲ್ಲಿ ರುಫೀನಿ ಮೊದೆನಾ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಆದರೂ ವೈದ್ಯವೃತ್ತಿ ಬಿಡಲಿಲ್ಲ. 1817ರ ಟೈಫಸ್ ಪಿಡುಗಿನಲ್ಲಿ ರೋಗಿಗಳನ್ನು ನೋಡುತ್ತಲೇ ತಮಗೂ ಜ್ವರ ಅಂಟಿಸಿಕೊಂಡರು. ಚೇತರಿಸಿಕೊಂಡು ಆ ಕಾಯಿಲೆಯ ಬಗ್ಗೆಯೇ ಪ್ರಬಂಧ ಬರೆದರು. 1821ರಲ್ಲಿ ಕೋಶಿ ಪತ್ರ ಬರೆದು ಅವರ ಸಾಧನೆಯನ್ನು ಒಪ್ಪಿಕೊಂಡರು. ಮುಂದಿನ ವರ್ಷ ಮೇ ತಿಂಗಳಲ್ಲಿ ರುಫೀನಿ ತೀರಿಕೊಂಡರು. ಅವರ ಸಾಧನೆಯಲ್ಲಿ ಒಂದು ಹಂತ ತುಂಬದೆ ಉಳಿದಿತ್ತು. 1824ರಲ್ಲಿ ನಾರ್ವೆಯ ತರುಣ ಅಬೆಲ್ ತಮ್ಮದೇ ಸಾಧನೆ ಪ್ರಕಟಿಸಿದರು. ಆ ಪ್ರಮೇಯಕ್ಕೆ ಈಗ ಇಬ್ಬರ ಹೆಸರೂ ಇದೆ.