ಕುದ್ಮುಲ್ ರಂಗರಾಯರು

ಪರರ ಹೊಲವನ್ನು ಉತ್ತು, ಪರರ ಕಣದಲ್ಲಿ ರಾಗಿಯನ್ನು ತೂರಿ, ಸಾಯಂಕಾಲಕ್ಕೆ ಮೊರದಷ್ಟು ಕಾಳನ್ನು ಮನೆಗೆ ತಂದವರ ಮಕ್ಕಳೂ ಮೊಮ್ಮಕ್ಕಳೂ ಗುಬ್ಬಿ, ಕುಣಿಗಲ್, ತುಮಕೂರು ಸೀಮೆಗಳ ಸಭೆಗಳಲ್ಲಿ ಅನೇಕರಿದ್ದಾರೆ. ತಂದೆಯ ಸಾಲಕ್ಕೆ ಮಗನು ಜೀತವಿದ್ದ ಕಥೆಯನ್ನು ಅವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಸಾರಸ್ವತ ಬ್ರಾಹ್ಮಣನಾಗಿ ಹುಟ್ಟಿದ ಒಬ್ಬ ವಕೀಲನು ಸಮುದ್ರತೀರದ ಮಂಗಳೂರಿನಲ್ಲಿ ಇಂಥ ಜನರ ಪಕ್ಷವನ್ನು ಹಿಡಿದು, ಅದಕ್ಕೋಸ್ಕರ ಸ್ವಕುಲದವರಿಂದಲೇ ಹೊರಗೆ ಹಾಕಲ್ಪಟ್ಟ ಸಂಗತಿಯು ಘಟ್ಟದ ಮೇಲಿನ ನಮ್ಮಲ್ಲಿ ಬಹು ಜನರಿಗೆ ತಿಳಿಯದು. ಆತನು ಕ್ರೈಸ್ತನಾಗಿರಲಿಲ್ಲ. ಆದರೂ ಆತನ ಚರಿತ್ರೆಯು ನಾವು ಓದತಕ್ಕದ್ದಾಗಿದೆ.

ರಂಗರಾಯರು ೧೮೫೯ನೆಯ ಇಸವಿ ಜೂನ್ ೨೯ರಂದು ಕಾಸರಗೋಡಿನಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿನಲ್ಲಿ ತಂದೆಯು ತೀರಿಹೋದದರಿಂದ ಸಂಸಾರದ ಭಾರವೆಲ್ಲವೂ ಅವರ ಮೇಲೆ ಬಿತ್ತು. ಕೆಲಸವನ್ನು ಹುಡುಕುತ್ತಾ ಮಂಗಳೂರಿಗೆ ಬಂದು, ತಿಂಗಳಿಗೆ ಎಂಟು ರೂಪಾಯಿ ಸಂಬಳದ ಉಪಾಧ್ಯಾಯರಾದರು. ಹುಡುಗರಿಗೆ ಕಲಿಸುತ್ತಲೇ ತಾವೂ ಓದಿ, ಪರೀಕ್ಷೆಗಳನ್ನು ಕೊಟ್ಟು ವಕೀಲರಾದರು. ಬಡವರ ವ್ಯಾಜ್ಯಗಳನ್ನು ಹಿಡಿಯುವ ವಕೀಲರೆಂದು ಊರಲ್ಲಿ ಹೆಸರಾಯಿತು. ಬ್ರಾಹ್ಮಸಮಾಜದ ಬೋಧನೆಯೂ ಅವರ ಮನಸ್ಸನ್ನು ಹಿಡಿಯಿತು.

ಆ ಕಾಲದ ದಕ್ಷಿಣ ಕನ್ನಡ ಜಿಲ್ಲೆಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಅಲ್ಲಿ ಗದ್ದೆಯ ಸಂಗಡ ಆಳನ್ನೂ ಮಾರುವ, ಅಡವಿಡುವ ಪದ್ಧತಿಯು ಹಿಂದೆ ಇತ್ತು. ೧೮೪೩ರ ಕಾಯಿದೆಯಿಂದ ಅದು ಕಾಗದದ ಮೇಲೆ ನಿಂತುಹೋಯಿತು. ಆದರೆ ಆಳಿನ ಗುಡಿಸಲು ನಿಂತಿರುವ ನೆಲವೇ ಒಡೆಯನದಾಗಿರುವಾಗ ಕಾಗದದಿಂದ ಏನು ಪ್ರಯೋಜನ? ಅವನು ಕೆರೆಬಾವಿಗಳನ್ನು ಮುಟ್ಟುವ ಹಾಗಿರಲಿಲ್ಲ, ಬೀದಿಯಲ್ಲಿ ನಡೆಯುವಾಗಲೂ ದೂರ ಸರಿಯಬೇಕಾಗಿತ್ತು.

೧೮೮೮ರಲ್ಲಿ ಒಂದು ಸಂಗತಿಯು ನಡೆಯಿತು. ಬೆಂದೂರು ಬಾಬು ಎಂಬ ದಲಿತ ಯುವಕನು ಅಕ್ಷರ ಕಲಿತವನಾದದರಿಂದ ಮಂಗಳೂರಿನ ನ್ಯಾಯಾಲಯದಲ್ಲಿ ಚಿಕ್ಕದೊಂದು ಕೆಲಸಕ್ಕೆ ನೇಮಿಸಲ್ಪಟ್ಟನು. ನ್ಯಾಯ ಕೊಡುವ ಆ ಸ್ಥಳದಲ್ಲಿಯೇ ಅವನಿಗೆ ವಿರೋಧ ಎದ್ದಿತು. ಅಸ್ಪೃಶ್ಯನೊಬ್ಬನು ತಮ್ಮ ನಡುವೆ ತಿರುಗಾಡುವದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಇದು ರಂಗರಾಯರ ಕಣ್ಣ ಮುಂದೆ ನಡೆದ ಅನ್ಯಾಯವು. ಮರುಗಿ ಮನೆಗೆ ಹೋಗುವವರು ಎಷ್ಟೋ ಜನರಿರುತ್ತಾರೆ. ಇವರು ಮಾತ್ರ ಅಂದಿನಿಂದ ಬೇರೆ ಮನುಷ್ಯರಾದರು.

೧೮೯೨ರಲ್ಲಿ ಉರ್ವ ಚಿಲಿಂಬಿ ಎಂಬಲ್ಲಿ ಬಾಡಿಗೆಯ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಅದು ಅಲ್ಲಿ ಬಹಳ ದಿನ ನಿಲ್ಲಲಿಲ್ಲ. ನೆರೆಯವರ ಬೆದರಿಕೆಯಿಂದ ಸ್ಥಳವನ್ನು ಬಿಡಬೇಕಾಗಿ, ಕಂಕನಾಡಿ ಮುಂತಾದ ಕಡೆಗಳಿಗೆ ಹೋಗಿ, ಕಡೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆಯೂರಿತು. ಮಕ್ಕಳು ಶಾಲೆಗೆ ಬಂದರೆ ಮನೆಗೆ ಬರುವ ಕೂಲಿಯು ತಪ್ಪುವದಷ್ಟೆ. ಆದಕಾರಣ ಅವರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಟ್ಟು, ತಂದೆತಾಯಿಗಳ ಕೈಗೂ ಕೆಲವು ಕಾಸುಗಳನ್ನು ಹಾಕಿದರು. ಅಕ್ಷರದ ಸಂಗಡ ನೇಯ್ಗೆಯನ್ನೂ ಬಡಗಿಯ ಕೆಲಸವನ್ನೂ ಕಲಿಸಿದರು. ೧೮೯೭ರಲ್ಲಿ ಈ ಕೆಲಸಕ್ಕೆಲ್ಲ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇದೇ ಹೆಸರಿನ ಸಂಸ್ಥೆಯನ್ನು ವಿಠ್ಠಲ ರಾಮಜೀ ಶಿಂದೆಯವರು ಮುಂಬಯಿಯಲ್ಲಿ ಸ್ಥಾಪಿಸಿದ್ದು ಇದಾದ ಒಂಬತ್ತು ವರುಷಗಳ ಮೇಲೆ.

ಆ ಶಾಲೆಗಳಲ್ಲಿ ಕಲಿಸುವದಕ್ಕೆ ಮೇಲ್ಜಾತಿಯ ಉಪಾಧ್ಯಾಯರು ದೊರೆಯದಿದ್ದಾಗ ರಂಗರಾಯರು ಕ್ರೈಸ್ತ ಉಪಾಧ್ಯಾಯರನ್ನು ಇಟ್ಟುಕೊಂಡರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಲ್ಲಿ ಶಾಲೆಗಳನ್ನು ನಡಿಸುತ್ತಿದ್ದರು. ಸಭೆಗೆ ಸೇರಿದವರು ಜಾತಿಯನ್ನು ಬಿಡಬೇಕೆಂದೂ ಕಟ್ಟುಮಾಡಿದ್ದರು. ನಮ್ಮ ಗುಬ್ಬಿಯಲ್ಲಿಯೂ ೧೮೩೭ರಲ್ಲೇ ವೆಸ್ಲಿಯನ್ ಮಿಷನ್ ನೆಲೆಸಿತು. ಇದನ್ನೆಲ್ಲಾ ನೆನಸಿ ನಾವು ಹಿಗ್ಗುವದಕ್ಕೆ ಮುಂಚೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ಅದೇ ವರುಷಗಳಲ್ಲಿ ದಕ್ಷಿಣ ದೇಶದ ಎಷ್ಟೋ ಸಭೆಗಳಲ್ಲಿ ಜಾತಿಗೊಂದು ಸಾಲಾಗಿ ಜನರು ಬೇರೆ ಬೇರೆ ಕೂತರು. ದೇವಾಲಯದ ಬಾಗಿಲಲ್ಲಿ ಪಾದರಕ್ಷೆಯನ್ನು ಬಿಟ್ಟವರು ಜಾತಿಯನ್ನು ಬಿಡಲಿಲ್ಲ.

ರಂಗರಾಯರಿಗೆ ಕುಲದವರು ಬಹಿಷ್ಕಾರ ಹಾಕಿದರು. ಹೆಂಡತಿ ಮಕ್ಕಳೂ ಆ ಕಷ್ಟದಲ್ಲಿ ಪಾಲುಗಾರರಾದರು. ಅವರು ಹಿಂತಿರುಗಲಿಲ್ಲ.

ನನ್ನ ಬುದ್ಧಿಗೆ ತೋರುವಂತೆ ಅವರ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಶಾಲೆಯಲ್ಲ, ನೆಲ. ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡಿರುವ ಆಳು ಮಗನನ್ನು ಶಾಲೆಗೆ ಕಳುಹಿಸಿದರೆ, ನಾಳೆ ಆ ಗುಡಿಸಲನ್ನು ಕಿತ್ತುಹಾಕೆಂಬ ಅಪ್ಪಣೆಯಾದೀತು. ಹಾಗಾದ ಮೇಲೆ ಪುಸ್ತಕವನ್ನು ಯಾವ ದೀಪದ ಮುಂದೆ ಓದುವದು? ರಂಗರಾಯರು ಸರ್ಕಾರಕ್ಕೆ ಅರ್ಜಿಗಳನ್ನು ಬರೆದು ಓಡಾಡಿ, ಕಾಪಿಕಾಡು, ದಡ್ಡಲಕಾಡು, ಅತ್ತಾವರದ ಬಾಬುಗುಡ್ಡೆ ಮೊದಲಾದ ಕಡೆಗಳಲ್ಲಿ ಸುಮಾರು ೨೦ ಎಕರೆ ನೆಲವನ್ನು ಪಡೆದು ದಲಿತ ಕುಟುಂಬಗಳನ್ನು ಅಲ್ಲಿ ನೆಲೆಗೊಳಿಸಿದರು. ಇಪ್ಪತ್ತು ಎಕರೆಯೆಂದರೆ ಜಮೀನುದಾರನಿಗೆ ಒಂದು ತುಂಡು. ಎಬ್ಬಿಸುವವರಿಲ್ಲದ ಅಂಗಳದಲ್ಲಿ ಮೊದಲ ಸಾರಿ ಮಲಗಿದವನಿಗೆ ಅದು ಎಷ್ಟೆಂಬದನ್ನು ಅಳೆಯುವ ಸರಪಳಿಯಿಲ್ಲ. ನಮ್ಮ ರಾಜ್ಯದಲ್ಲಿ ಉಳುವವನಿಗೆ ಭೂಮಿಯನ್ನು ಕೊಡುವ ಬಲವಾದ ಕಾನೂನು ಬಂದದ್ದು ೧೯೭೪ರಲ್ಲಿ. ಜೀತವನ್ನು ರದ್ದುಮಾಡುವ ಕೇಂದ್ರದ ಕಾಯಿದೆಯಾದದ್ದು ೧೯೭೬ರಲ್ಲಿ. ಇವರ ಅರ್ಜಿಗಳು ಅದಕ್ಕೆ ಎಷ್ಟೋ ಮೊದಲಿನವು.

ಊರಿಗೆ ಹೇಳಿದ್ದನ್ನು ಅವರು ತಮ್ಮ ಮನೆಯಲ್ಲಿಯೂ ನಡಿಸಿದರು. ಮಗಳಾದ ರಾಧಾಬಾಯಿಯವರನ್ನು ಚೆನ್ನಾಗಿ ಓದಿಸಿ, ೧೯೧೨ರಲ್ಲಿ ಬೇರೆ ಜಾತಿಯವರೂ ಬೇರೆ ಭಾಷೆಯವರೂ ಆದ ಪಿ. ಸುಬ್ಬರಾಯನ್ ಅವರಿಗೆ ಮದುವೆಮಾಡಿ ಕೊಟ್ಟರು. ಆ ಅಳಿಯನು ಮುಂದೆ ಮದ್ರಾಸು ಪ್ರಾಂತದ ಮುಖ್ಯ ಮಂತ್ರಿಯಾದನು. ರಾಧಾಬಾಯಿಯವರು ೧೯೩೦ರ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದರು.

೧೯೨೭ರಲ್ಲಿ ರಂಗರಾಯರು ಸನ್ಯಾಸವನ್ನು ತಕ್ಕೊಂಡು ಈಶ್ವರಾನಂದರೆಂಬ ಹೆಸರನ್ನು ಪಡೆದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಉದ್ಯೋಗಕ್ಕೇರಿ ಬಂಡಿಯಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಕಬೇಕೆಂಬದೇ ಅವರ ಆಶೆಯಾಗಿತ್ತು. ಮರುವರುಷ, ಅಂದರೆ ೧೯೨೮ರ ಜನವರಿ ೩೦ರಂದು, ತೀರಿಕೊಂಡರು. ಆರು ವರುಷಗಳ ಮೇಲೆ ಗಾಂಧಿಯವರು ಮಂಗಳೂರಿಗೆ ಬಂದಾಗ ಅವರ ಕೆಲಸವನ್ನು ಬಹಳವಾಗಿ ಹೊಗಳಿದರು. ಇಂದು ಆ ಪಟ್ಟಣದ ಪುರಭವನಕ್ಕೆ ಅವರ ಹೆಸರಿದೆ.

ಸಾಯುವದಕ್ಕೆ ಮುಂಚೆ ಅವರು ತಮ್ಮ ಶವಸಂಸ್ಕಾರದ ವಿಷಯವಾಗಿ ಒಂದು ಅಪ್ಪಣೆಯನ್ನು ಕೊಟ್ಟಿದ್ದರು. ಅದರಂತೆಯೇ, ಯಾರ ನೆರಳು ಬಿದ್ದರೆ ಮೈಲಿಗೆಯೆಂದು ಊರು ತಿಳಿಯುತ್ತಿತ್ತೋ ಆ ಜನರೇ ಅವರ ದೇಹವನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು.