1.25 ವೋಲ್ಟ್ ಹಿಂದಿನ ಮನುಷ್ಯ

ಮಿನಿ ಪ್ರಾಜೆಕ್ಟ್‌ಗೆ ಪವರ್ ಸಪ್ಲೈ ಬೇಕು ಅಂದಾಗ ನಾವೆಲ್ಲ ಮೊದಲು ಕೈ ಹಾಕೋದು 7805ಗೆ. 5 ವೋಲ್ಟ್ ಬೇಡ, 9 ಬೇಕು ಅಥವಾ 3.3 ಬೇಕು ಅಂದ್ರೆ ಎಲ್‌ಎಂ317. ಎರಡು ರೆಸಿಸ್ಟರ್ ಹಾಕಿದರೆ ಬೇಕಾದ ವೋಲ್ಟೇಜ್ ಸಿಗುತ್ತೆ. ಅದರ ಫಾರ್ಮುಲಾದಲ್ಲಿ 1.25 ಅಂತ ಒಂದು ಸಂಖ್ಯೆ ಇದೆಯಲ್ಲ, ಅದನ್ನ ವೈವಾಗೆ ಬಾಯಿಪಾಠ ಮಾಡ್ತೀವಿ, ಎಲ್ಲಿಂದ ಬಂತು ಅಂತ ಕೇಳೋದಿಲ್ಲ. ಅದರ ಬೇರು ಹುಡುಕುತ್ತಾ ಹೋದ್ರೆ ಸಿಗೋದು ಬಾಬ್ ವಿಡ್ಲರ್.

ವಿಡ್ಲರ್ ಹುಟ್ಟಿದ್ದು 1937ರ ನವೆಂಬರ್ 30ರಂದು, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಪ್ಪ ಅಲ್ಲಿನ ಒಂದು ರೇಡಿಯೋ ಸ್ಟೇಷನ್‌ನಲ್ಲಿ ಎಂಜಿನಿಯರ್, ಕೆಲಸವನ್ನ ಸ್ವಂತವಾಗಿ ಕಲಿತವರು. ಹಾಗಾಗಿ ಮಗನಿಗೆ ಚಿಕ್ಕಂದಿನಿಂದಲೇ ಎಲೆಕ್ಟ್ರಾನಿಕ್ಸ್ ಹುಚ್ಚು. 1958ರಲ್ಲಿ ಏರ್‌ಫೋರ್ಸ್ ಸೇರಿ, ಅಲ್ಲಿ ಸೈನಿಕರಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದರು. ಸೆಮಿಕಂಡಕ್ಟರ್ ಬಗ್ಗೆ ಪಠ್ಯಪುಸ್ತಕವನ್ನೂ ಬರೆದರು. ಗಮನಿಸಿ, ಇಷ್ಟೆಲ್ಲ ಆದಮೇಲೆ ಡಿಗ್ರಿ! ಕೊಲರಾಡೋ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದು 1963ರಲ್ಲಿ.

ಅದೇ ವರ್ಷ ಫೇರ್‌ಚೈಲ್ಡ್ ಕಂಪನಿ ಸೇರಿದರು. ಆಗಿನ್ನೂ ಐಸಿ ಅಂದ್ರೆ ಬಹುಪಾಲು ಡಿಜಿಟಲ್. ಅನಲಾಗ್ ಸರ್ಕ್ಯೂಟನ್ನ ಚಿಪ್ ಮೇಲೆ ಮಾಡೋದು ಕಷ್ಟ, ಯಾಕಂದ್ರೆ ಸಿಲಿಕಾನ್ ಮೇಲೆ ಮಾಡಿದ ರೆಸಿಸ್ಟರ್ ಬೆಲೆ ಹೇಳಿದಷ್ಟು ಬರೋದಿಲ್ಲ, ತುಂಬ ಹೆಚ್ಚುಕಮ್ಮಿ ಆಗುತ್ತೆ. ಆದರೆ ಒಂದೇ ಚಿಪ್‌ನಲ್ಲಿ ಅಕ್ಕಪಕ್ಕ ಇರುವ ಎರಡು ರೆಸಿಸ್ಟರ್‌ಗಳ ಅನುಪಾತ ಚೆನ್ನಾಗಿ ಹೊಂದುತ್ತೆ. ಟ್ರಾನ್ಸಿಸ್ಟರ್‌ಗಳೂ ಅಷ್ಟೇ, ಅವಳಿ ಮಕ್ಕಳ ಹಾಗೆ. ವಿಡ್ಲರ್ ಈ ಗುಣವನ್ನೇ ನಂಬಿ ಡಿಸೈನ್ ಮಾಡಿದರು. ಪ್ರೊಸೆಸ್ ಎಂಜಿನಿಯರ್ ಡೇವ್ ಟಾಲ್ಬರ್ಟ್ ಜೊತೆ ಸೇರಿ 1964ರಲ್ಲಿ ಮ್ಯೂಎ702, 1965ರಲ್ಲಿ ಮ್ಯೂಎ709 ಆಪ್‌ಆಂಪ್ ತಂದರು. ನಮ್ಮ ಸಿಲಬಸ್‌ನಲ್ಲಿರುವ ವಿಡ್ಲರ್ ಕರೆಂಟ್ ಸೋರ್ಸ್ ಕೂಡ ಆ ಕಾಲದ್ದೇ.

ಆಮೇಲೆ ಇಬ್ಬರೂ ನ್ಯಾಷನಲ್ ಸೆಮಿಕಂಡಕ್ಟರ್‌ಗೆ ಹೋದರು. ನಮ್ಮ ವಿಷಯ ಶುರುವಾಗೋದು ಇಲ್ಲಿಂದ.

ನಮ್ಮ ರಾಜಘಟ್ಟದಲ್ಲಿ ತೋಟದ ಮೋಟರ್‌ಗಳು ಒಟ್ಟಿಗೆ ಆನ್ ಆದ್ರೆ ಮನೆ ಬಲ್ಬ್ ಮಂಕಾಗುತ್ತೆ. ಇನ್‌ಪುಟ್ ಹೀಗೆ ಏರಿಳಿದರೂ ಔಟ್‌ಪುಟ್ ಅಲ್ಲಾಡಬಾರದು, ಅದೇ ರೆಗ್ಯುಲೇಟರ್ ಕೆಲಸ. ಅದಕ್ಕೆ ಒಳಗೊಂದು ಅಳತೆಗೋಲು ಬೇಕು. ಔಟ್‌ಪುಟ್‌ನ ಒಂದು ಪಾಲನ್ನ ಆ ಅಳತೆಗೋಲಿಗೆ ಹೋಲಿಸಿ ಸರಿಮಾಡ್ತಾ ಇರಬೇಕು. ಎಷ್ಟು ಪಾಲು ಅನ್ನೋದನ್ನ ಹೇಳೋದು ಎರಡು ರೆಸಿಸ್ಟರ್. ವಿಡ್ಲರ್ ಅವರ ಎಲ್‌ಎಂ100 ಐಸಿ ಈ ಎರಡು ರೆಸಿಸ್ಟರನ್ನ ಹೊರಗೇ ಬಿಟ್ಟಿತು. 2ರಿಂದ 30 ವೋಲ್ಟ್ ತನಕ ಯಾವುದು ಬೇಕೋ ಅದನ್ನ ಬಳಸುವವರೇ ಆರಿಸಿಕೊಳ್ಳಬಹುದಿತ್ತು. ಜಾಸ್ತಿ ಕರೆಂಟ್ ಬೇಕಾದರೆ ಮಾತ್ರ ಹೊರಗಡೆ ಟ್ರಾನ್ಸಿಸ್ಟರ್ ಸೇರಿಸಬೇಕಿತ್ತು.

ಉಳಿದ ದೊಡ್ಡ ತಲೆನೋವು ಅಂದ್ರೆ ಆ ಅಳತೆಗೋಲೇ. ಆಗೆಲ್ಲ ಝೀನರ್ ಬಳಸ್ತಿದ್ದರು. ಚಿಪ್ ಮೇಲಿನ ಝೀನರ್‌ಗೆ 6-7 ವೋಲ್ಟ್ ಬೇಕು, ಜೊತೆಗೆ ನಾಯ್ಸ್. ವಿಡ್ಲರ್ ದಾರಿ ಬೇರೆ. ಬಿಸಿ ಏರಿದಂತೆ ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತೆ. ಆದರೆ ಬೇರೆ ಬೇರೆ ಕರೆಂಟ್ ಡೆನ್ಸಿಟಿಯಲ್ಲಿ ಓಡುವ ಎರಡು ಟ್ರಾನ್ಸಿಸ್ಟರ್‌ಗಳ ಈ ವೋಲ್ಟೇಜ್ ವ್ಯತ್ಯಾಸ ತಗೊಂಡ್ರೆ ಅದು ಬಿಸಿಯ ಜೊತೆ ಏರುತ್ತೆ. ಏರುವುದನ್ನ ತಕ್ಕಷ್ಟು ಗುಣಿಸಿ ಇಳಿಯುವುದಕ್ಕೆ ಕೂಡಿಸಿದರೆ ಮೊತ್ತ ಹೆಚ್ಚುಕಮ್ಮಿ ಅಲ್ಲಾಡದೆ ನಿಲ್ಲುತ್ತೆ, ಸುಮಾರು 1.2 ವೋಲ್ಟ್‌ನಲ್ಲಿ. ಇದೇ ಬ್ಯಾಂಡ್‌ಗ್ಯಾಪ್ ರೆಫರೆನ್ಸ್. ಈ ತತ್ವವನ್ನ ಫೇರ್‌ಚೈಲ್ಡ್‌ನ ಹಿಲ್ಬಿಬರ್ 1964ರಲ್ಲೇ ತೋರಿಸಿದ್ದರು, ಅವರ ಹೆಸರನ್ನೂ ಹೇಳಲೇಬೇಕು. ಮಾರಾಟಕ್ಕೆ ಬರುವ ಚಿಪ್ ಒಳಗೆ ಅದನ್ನ ಕೂರಿಸಿದ್ದು ವಿಡ್ಲರ್, ಎಲ್‌ಎಂ109ರಲ್ಲಿ. ಮೂರೇ ಕಾಲು, 5 ವೋಲ್ಟ್, 1 ಆಂಪಿಯರ್‌ಗೂ ಹೆಚ್ಚು ಕರೆಂಟ್, ಚಿಪ್ ತುಂಬ ಬಿಸಿಯಾದರೆ ತಾನೇ ಆಫ್.

ಇಂಟರ್ನೆಟ್‌ನಲ್ಲಿ ವಿಡ್ಲರ್ ಅಂದ್ರೆ ಬರೋದು ಬೇರೆ ಕಥೆಗಳು. ಕುಡಿತ, ಕೆಟ್ಟ ಪಾರ್ಟ್‌ಗಳನ್ನ ಸುತ್ತಿಗೆಯಲ್ಲಿ ಪುಡಿಪುಡಿ ಮಾಡೋದು. ಖರ್ಚು ಉಳಿಸೋಕೆ ಕಂಪನಿ ಹುಲ್ಲು ಕತ್ತರಿಸೋದನ್ನ ನಿಲ್ಲಿಸಿದಾಗ ಮೇಯಿಸೋಕೆ ಕಾರಲ್ಲಿ ಕುರಿ ತಂದು ಕಟ್ಟಿದ್ದು. ಕುರಿ ಕಥೆ ನನಗೂ ಇಷ್ಟ, ಆದರೆ ಅದರಲ್ಲೇ ಮನುಷ್ಯ ಮುಚ್ಚಿಹೋಗ್ತಾರೆ ಅನ್ಸುತ್ತೆ.

1970ರ ಕೊನೆಗೆ, 33ನೇ ವಯಸ್ಸಲ್ಲಿ, ಕೆಲಸ ಬಿಟ್ಟು ಮೆಕ್ಸಿಕೋದ ಪೋರ್ಟೋ ವಲಾರ್ಟಾಗೆ ಹೊರಟುಬಿಟ್ಟರು. ಹಾಗಾಗಿ ಎಲ್‌ಎಂ317 ವಿಡ್ಲರ್ ಮಾಡಿದ್ದಲ್ಲ. ನ್ಯಾಷನಲ್‌ನಲ್ಲೇ ಇದ್ದ ಬಾಬ್ ಡಾಬ್ಕಿನ್ ಅವರದ್ದು, 1970ರ ದಶಕದ ನಡುವಿನದು. ಎಲ್‌ಎಂ100ರ ಆಯ್ಕೆಯ ಸ್ವಾತಂತ್ರ್ಯ, ಎಲ್‌ಎಂ109ರ ಮೂರು ಕಾಲು, ಬ್ಯಾಂಡ್‌ಗ್ಯಾಪ್‌ನ 1.25, ಮೂರೂ ಅಲ್ಲಿ ಸೇರಿದವು. ಔಟ್‌ಪುಟ್ ಅಂದ್ರೆ 1.25 ಗುಣಿಸು (1 + ಆರ್2/ಆರ್1).

ಅನುಪಾತ ಒಂದೇ ಸಾಕು ಅನ್ಕೋಬೇಡಿ. ತುಂಬ ಸರ್ಕ್ಯೂಟ್‌ಗಳಲ್ಲಿ ಆರ್1ಗೆ 240 ಓಮ್ ಇರುತ್ತೆ. ಆಗ ಅದರಲ್ಲಿ ಹರಿಯೋದು 5 ಮಿಲಿಆಂಪಿಯರ್ ಚಿಲ್ಲರೆ. 317ಗೆ ಕೆಲವೊಮ್ಮೆ ಕನಿಷ್ಠ 10 ಮಿಲಿಆಂಪಿಯರ್ ಲೋಡ್ ಬೇಕಾಗುತ್ತೆ, ಇಲ್ಲದಿದ್ರೆ ಲೋಡ್ ತೆಗೆದಾಗ ವೋಲ್ಟೇಜ್ ಮೇಲೇರಬಹುದು. 120 ಓಮ್ ಹಾಕಿದರೆ ಆ ಚಿಂತೆ ಇಲ್ಲ. ಆರ್2 360 ಆದ್ರೆ 5 ವೋಲ್ಟ್, 750 ಆದ್ರೆ 9, 200 ಆದ್ರೆ 3.3. ಎಸ್‌ಪಿ ರೋಡ್‌ನಲ್ಲಿ ಈ ಬೆಲೆಗಳನ್ನೇ ಕೇಳಿ. ಆದರೆ 5 ವೋಲ್ಟ್‌ನಿಂದ 3.3 ಮಾಡೋಕೆ 317 ಬೇಡ, ಅದಕ್ಕೆ ಇನ್‌ಪುಟ್ 2-3 ವೋಲ್ಟ್ ಜಾಸ್ತಿ ಇರಲೇಬೇಕು. ಅಲ್ಲಿ ಎಎಂಎಸ್1117 ಥರದ್ದು ವಾಸಿ. 12ರಿಂದ 5ಕ್ಕೆ ಇಳಿಸಿ ಅರ್ಧ ಆಂಪಿಯರ್ ಎಳೆದ್ರೆ 3.5 ವ್ಯಾಟ್ ಬಿಸಿ, ಹೀಟ್‌ಸಿಂಕ್ ಹಾಕಲೇಬೇಕು.

ಮೆಕ್ಸಿಕೋದಲ್ಲಿದ್ದರೂ ವಿಡ್ಲರ್ ಡಿಸೈನ್ ಬಿಡಲಿಲ್ಲ. ನ್ಯಾಷನಲ್‌ಗೆ ಕನ್ಸಲ್ಟೆಂಟ್ ಆಗಿ 1.1 ವೋಲ್ಟ್‌ನಲ್ಲೂ ಓಡುವ ಎಲ್‌ಎಂ10 ಮಾಡಿಕೊಟ್ಟರು. 1981ರಲ್ಲಿ ಸ್ವಾನ್ಸನ್, ಡಾಬ್ಕಿನ್ ಜೊತೆ ಲೀನಿಯರ್ ಟೆಕ್ನಾಲಜಿ ಕಟ್ಟಿದವರಲ್ಲಿ ಇವರೂ ಒಬ್ಬರು. ಅಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ, 1984ರಲ್ಲಿ ಹೊರಬಂದು ಮತ್ತೆ ನ್ಯಾಷನಲ್‌ಗೆ ಕೆಲಸ ಮಾಡಿದರು. 1991ರ ಫೆಬ್ರವರಿ 27ರಂದು ಪೋರ್ಟೋ ವಲಾರ್ಟಾದಲ್ಲಿ ಓಡ್ತಿರುವಾಗ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ 53 ವರ್ಷ.