ಟ್ಯಾಂಕ್ ಹತ್ತಿದ ಜನರಲ್, ರಾಜೀನಾಮೆ ನುಂಗಿದ ಜನರಲ್

ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತ ಗೊತ್ತಿಲ್ಲದ ಬಸ್ ಪ್ರಯಾಣಿಕರಿಲ್ಲ. 2023ರ ಆಗಸ್ಟಿನಲ್ಲಿ ಬಸ್ಸೊಂದು ಬಡಿದು ಅಲ್ಲಿನ ಪ್ರತಿಮೆ ಉರುಳಿತು. ಸರಿಮಾಡಿ ಮತ್ತೆ ನಿಲ್ಲಿಸಿದರು. ಬದುಕಿದ್ದಾಗಲೂ ಈ ಮನುಷ್ಯನಿಗೆ ಇಂಥದೇ ಒಂದು ಪೆಟ್ಟು ಬಿದ್ದಿತ್ತು. ಅದು ದಿಲ್ಲಿಯಲ್ಲಿ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ತೋಟದ ಮನೆತನ. ಕೂನೂರು, ಬೆಂಗಳೂರು, ಡೆಹ್ರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಬಿಳಿಯರು ಭಾರತೀಯ ಅಧಿಕಾರಿಗಳನ್ನು ಅರೆಮನಸ್ಸಿನಿಂದ ನೋಡ್ತಿದ್ದ ಕಾಲ ಅದು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಜಪಾನಿಯರ ವಿರುದ್ಧ ಕಾದಾಡಿ ಡಿಎಸ್‌ಒ ಪದಕ ಗಳಿಸಿದರು. ಯುದ್ಧಭೂಮಿಯಲ್ಲಿ ಬ್ರಿಗೇಡ್ ನಡೆಸುವ ಹೊಣೆ ಹೊತ್ತ ಭಾರತೀಯ ಇವರು. ವಿಚಿತ್ರ ಅಂದ್ರೆ, ಅಣ್ಣ ಪೊನ್ನಪ್ಪ ಇದ್ದದ್ದು ಎದುರು ಪಾಳಯದಲ್ಲಿ, ನೇತಾಜಿಯ ಆಜಾದ್ ಹಿಂದ್ ಫೌಜಿನಲ್ಲಿ!

ಮಂಜಿನ ಕಣಿವೆಗೆ ಟ್ಯಾಂಕು

ಸ್ವಾತಂತ್ರ್ಯ ಬಂತು, ಹಿಂದೆಯೇ ಕಾಶ್ಮೀರದ ಯುದ್ಧ. 1948ರ ಮೇ 24ರಂದು ಮೆಹರ್ ಸಿಂಗ್ ಹಾರಿಸಿದ ಡಕೋಟಾ ವಿಮಾನ ಲೇಹ್‌ನ ಮರಳ ಪಟ್ಟಿಯ ಮೇಲೆ ಇಳಿಯಿತು. ಸರಿಯಾದ ನಕ್ಷೆ ಇಲ್ಲದ ದಾರಿ, ಸುತ್ತ ಹಿಮದ ಶಿಖರಗಳು. ಆ ಮೊದಲ ವಿಮಾನದೊಳಗೆ ತಿಮ್ಮಯ್ಯನವರೂ ಕೂತಿದ್ದರು.

ಲೇಹ್‌ಗೆ ರಸ್ತೆ ಹಾದಿ ಜೋಜಿಲಾ ಕಣಿವೆ. ಹನ್ನೊಂದು ಸಾವಿರ ಅಡಿ ದಾಟಿದ ಆ ಜಾಗದಲ್ಲಿ ಶತ್ರು ಗುಹೆ, ಬಂಡೆಗಳ ಮರೆಯಲ್ಲಿ ಕೂತಿದ್ದ. ಕಾಲಾಳುಗಳ ದಾಳಿ ಫಲಿಸಲಿಲ್ಲ. ತಿಮ್ಮಯ್ಯ ಟ್ಯಾಂಕ್ ತರಿಸಲು ಹೊರಟರು. ದಾರಿಯ ಸೇತುವೆಗಳು ಭಾರ ತಡೆಯೋದಿಲ್ಲ, ಸುಳಿವು ಸಿಕ್ಕರೂ ಕೆಲಸ ಕೆಡುತ್ತೆ. ಹಾಗಾಗಿ ತೋಪಿನ ಗೋಪುರ ಕಳಚಿ, ಮುಸುಕು ಹೊದಿಸಿ ಸಾಗಿಸಿದರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ನುಗ್ಗಿದವು. ಮೇಜರ್ ಜನರಲ್ ಹಿಂದೆ ಕೂತು ಹುಕುಂ ಕೊಡಲಿಲ್ಲ, ತಾವೇ ಮುಂದಿನ ಟ್ಯಾಂಕ್ ಹತ್ತಿದರು. ಕಣಿವೆ ಕೈಗೆ ಬಂತು. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಕೂಡ ಬಂದವು. ಲಡಾಖ್ ಉಳಿಯಿತು.

1953ರಲ್ಲಿ ಕೊರಿಯಾದ ಕರೆ ಬಂತು. ಊರಿಗೆ ವಾಪಸು ಹೋಗಲ್ಲ ಅಂತ ಹಟ ಹಿಡಿದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪಂಚಾಯ್ತಿ ಅದು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಎರಡೂ ಕಡೆಯ ಬೈಗುಳ ಸಹಿಸಿ ಅದನ್ನು ನಿಭಾಯಿಸಿದರು. 1954ರಲ್ಲಿ ಪದ್ಮಭೂಷಣ.

ದಿಲ್ಲಿಯ ಪೆಟ್ಟು

1957ರಲ್ಲಿ ಸೇನಾ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜತೆ ಬಡ್ತಿ ವಿಚಾರದಲ್ಲಿ ತಿಕ್ಕಾಟ ಬೆಳೆಯಿತು. 1959ರ ಆಗಸ್ಟ್ ಕೊನೆಗೆ ರಾಜೀನಾಮೆ ಬರೆದೇಬಿಟ್ಟರು. ಪ್ರಧಾನಿ ನೆಹರೂ ಮನವೊಲಿಸಿದರು, ಜನರಲ್ ಕಾಗದ ವಾಪಸು ಪಡೆದರು. ಆದರೆ ಲೋಕಸಭೆಯಲ್ಲಿ ನೆಹರೂ ಟೀಕಿಸಿದ್ದು ಅವರನ್ನೇ! ರಣರಂಗದಲ್ಲಿ ಹಿಂದೆ ಸರಿಯದವರು ಇಲ್ಲಿ ಹಿಂದೆ ಸರಿದು ನೋವು ತಿಂದರು.

1961ರ ಮೇನಲ್ಲಿ ನಿವೃತ್ತಿ. ಮರುವರ್ಷ ಚೀನಾ ಯುದ್ಧದಲ್ಲಿ ಸೋಲು. ಮೆನನ್ ಕುರ್ಚಿ ಬಿಟ್ಟರು. ತಿಮ್ಮಯ್ಯನವರ ಮಾತು ಕೇಳಿದ್ದರೆ ಅನ್ನುವ ಪ್ರಶ್ನೆ ದೇಶದಲ್ಲಿ ಇವತ್ತಿಗೂ ಉಳಿದಿದೆ.

1964ರಲ್ಲಿ ವಿಶ್ವಸಂಸ್ಥೆ ಕರೆದು ಸೈಪ್ರಸ್ ಶಾಂತಿಪಡೆಯ ಹೊಣೆ ಕೊಟ್ಟಿತು. ಗ್ರೀಕರು, ತುರ್ಕರು ಕಾದಾಡುತ್ತಿದ್ದ ದ್ವೀಪ. ಅಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ಚಿತ್ರದ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರು ಬೆಳೆದ ಮನೆ ಸನ್ನಿಸೈಡ್ 2021ರಲ್ಲಿ ಸ್ಮಾರಕ ಮ್ಯೂಸಿಯಂ ಆಯಿತು. ಮುಂದಿನ ಬಸ್ಸಿಗೆ ಹೊತ್ತಿದ್ದರೆ ಒಮ್ಮೆ ಒಳಗೆ ಹೋಗಿ ಬರಬಹುದು.